ಬ್ಲೆಚ್ಲಿ ಪಾರ್ಕ್: ಅಷ್ಟೊಂದು ಜನ 30 ವರ್ಷ ಬಾಯಿ ಬಿಡಲಿಲ್ಲ ಅಂದ್ರೆ ನಂಬೋದು ಹೇಗೆ?

ತಂತಿಯವರ_ಮಗ
ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ ಬಂದಿದ್ದಾರೆ. ಹೋದ ಶನಿವಾರ ಅವರನ್ನು ಬ್ಲೆಚ್ಲಿ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಲಂಡನ್ನಿನ ಯೂಸ್ಟನ್‌ನಲ್ಲಿ ರೈಲು ಹತ್ತಿದರೆ ಮುಕ್ಕಾಲು ಗಂಟೆ, ಸ್ಟೇಷನ್ ಇಳಿದು ರಸ್ತೆ ದಾಟಿದರೆ ಗೇಟು. ಅಪ್ಪ ಅಂಚೆ-ತಂತಿ ಇಲಾಖೆಯಲ್ಲಿ ಇದ್ದವರು, ಹಾಸನದಲ್ಲಿ ಸುಮಾರು ವರ್ಷ ತಂತಿ ಕಳಿಸಿದವರು. ಹಾಗಾಗಿ ಇಷ್ಟ ಆಗಬಹುದು ಅಂದುಕೊಂಡಿದ್ದೆ. ಇಷ್ಟ ಆಯಿತು, ಜಾಸ್ತಿಯೇ ಆಯಿತು. ಸಂಜೆ ನಾಲ್ಕು ಗಂಟೆಗೂ ಹೊರಗೆ ಬರಲು ಒಪ್ಪಲಿಲ್ಲ.

ಆದರೆ ಅವರದು ಒಂದೇ ಪ್ರಶ್ನೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಗುಪ್ತ ಸಂದೇಶಗಳನ್ನು ಇಲ್ಲಿ ಬಿಡಿಸುತ್ತಿದ್ದರು, ಸರಿ. ಕೊನೆಕೊನೆಗೆ ಹತ್ತಿರ ಹತ್ತಿರ 10,000 ಜನ ಕೆಲಸಕ್ಕಿದ್ದರಂತೆ. ಯುದ್ಧ ಮುಗಿದಿದ್ದು 1945ಕ್ಕೆ, ಗುಟ್ಟು ಹೊರಗೆ ಬಿದ್ದಿದ್ದು 1974ಕ್ಕೆ. ನಡುವೆ ಒಬ್ಬರೂ ಬಾಯಿ ಬಿಡಲಿಲ್ವಾ? ನಮ್ಮ ಬೀದಿಯಲ್ಲಿ ಒಬ್ಬರ ಮನೆಗೆ ಹೆಣ್ಣು ನೋಡಲು ಬಂದರೆ, ಬಂದವರು ಕಾಫಿ ಕುಡಿಯುವುದರೊಳಗೆ ಊರಿಗೇ ಗೊತ್ತಾಗುತ್ತದೆ. ಇದು ಹೇಗೆ ಸಾಧ್ಯ? ಗೊತ್ತಿದ್ದವರು ಹೇಳಿ.

ಉಪ್ಪಿಟ್ಟು_ವಿರೋಧಿ
ಅಲ್ಲಿ ವಾಟ್ಸಾಪ್ ಇರಲಿಲ್ಲ ಗುರು. ಅಷ್ಟೇ ಉತ್ತರ.

ಹಳೇಪೇಪರ್
ತಮಾಷೆ ಪಕ್ಕಕ್ಕಿಡಿ. ಉತ್ತರ ಸುಲಭ: ಅಲ್ಲಿ ಕೆಲಸ ಮಾಡಿದ ಬಹಳಷ್ಟು ಜನಕ್ಕೆ ತಾವು ಏನು ಮಾಡುತ್ತಿದ್ದೇವೆ ಅಂತಲೇ ಪೂರ್ತಿ ಗೊತ್ತಿರಲಿಲ್ಲ. ಕೆಲಸ ನಡೆಯುತ್ತಿದ್ದಿದ್ದು ‘ಹಟ್’ ಅನ್ನೋ ಮರದ ಶೆಡ್ಡುಗಳಲ್ಲಿ. 6ನೇ ಹಟ್‌ನಲ್ಲಿ ಜರ್ಮನ್ ಭೂಸೇನೆ, ವಾಯುಸೇನೆಯ ಸಂದೇಶ ಬಿಡಿಸುತ್ತಿದ್ದರು. ಪಕ್ಕದ 3ನೇ ಹಟ್‌ನವರು ಅದನ್ನು ಅನುವಾದ ಮಾಡಿ, ಅರ್ಥ ಕಟ್ಟಿ ಮೇಲಿನವರಿಗೆ ಕಳಿಸುತ್ತಿದ್ದರು. ಎರಡರ ನಡುವೆ ಮರದ ಸಣ್ಣ ಸುರಂಗ. ಅದರೊಳಗೆ ಒಂದು ಟ್ರೇ. ಕಾಗದ ಇಟ್ಟು ಪೊರಕೆ ಕೋಲಿನಲ್ಲಿ ಆಚೆ ತಳ್ಳುವುದು! ಆಚೆ ಹಟ್‌ಗೆ ಕಾಲಿಡುವ ಹಾಗಿಲ್ಲ, ಊಟದ ಹೊತ್ತಿನಲ್ಲೂ ಕೆಲಸದ ಮಾತಿಲ್ಲ. ಸೇರಿದ ದಿನವೇ ಸರ್ಕಾರಿ ಗುಟ್ಟಿನ ಕಾಯಿದೆಗೆ ಸಹಿ. ಹೇಳೋಣ ಅಂದರೂ ಪೂರ್ತಿ ಕಥೆ ಯಾರ ಹತ್ತಿರ ಇತ್ತು?

ಮೌನಿಬಾಬಾ
ನಂಬಲ್ಲ. ಎಲ್ಲೋ ಸೋರಿರುತ್ತೆ.

ಮಿಲ್ಟನ್‌ಕೀನ್ಸ್_ಮಂಜ
ನಾನು ಇಲ್ಲೇ ಹತ್ತು ನಿಮಿಷದ ದೂರದಲ್ಲಿ ಇರೋದು. ಪಾಸ್ ಒಂದು ಸಲ ತಗೊಂಡರೆ ವರ್ಷವಿಡೀ ಹೋಗಬಹುದು, ಅದಕ್ಕೆ ಊರಿಂದ ಯಾರು ಬಂದರೂ ಅಲ್ಲಿಗೇ ಕರೆದುಕೊಂಡು ಹೋಗ್ತೀನಿ. ಹೆಂಡತಿ ಬೈತಾಳೆ.

ಜನ ಯುದ್ಧದ ಕಥೆ ಮಾತ್ರ ಹೇಳ್ತಾರೆ, ಆ ಬಂಗಲೆಯ ಕಥೆ ಬಿಟ್ಟುಬಿಡ್ತಾರೆ. 1883ರಲ್ಲಿ ಹರ್ಬರ್ಟ್ ಲಿಯಾನ್ ಅನ್ನೋ ಲಂಡನ್ನಿನ ಹಣವಂತ ಜಾಗ ಕೊಂಡು ಮನೆಯನ್ನು ಬೇಕಾದ ಹಾಗೆ ಬೆಳೆಸಿದ. ಒಂದು ಕಡೆ ಹಸಿರುಗಟ್ಟಿದ ತಾಮ್ರದ ಗುಮ್ಮಟ, ಇನ್ನೊಂದು ಕಡೆ ಬೇರೆಯೇ ಶೈಲಿ. ನಮ್ಮ ಕಡೆ ಹೊಸ ಶ್ರೀಮಂತರು ಕಟ್ಟಿಸ್ತಾರಲ್ಲ, ಮುಂದೆ ರೋಮನ್ ಕಂಬ, ಮೇಲೆ ದೇವಸ್ಥಾನದ ಗೋಪುರ, ಅದೇ ಜಾತಿ. ನನಗಂತೂ ಇಷ್ಟ.

1938ರಲ್ಲಿ ಒಬ್ಬ ಬಿಲ್ಡರ್ ಜಾಗ ಕೊಂಡು, ಬಂಗಲೆ ಕೆಡವಿ ಸೈಟ್ ಮಾಡಲು ಹೊರಟಿದ್ದ. ಆಗ ಗುಪ್ತಚರ ಇಲಾಖೆಯ ಮುಖ್ಯಸ್ಥ ಅಡ್ಮಿರಲ್ ಹ್ಯೂ ಸಿಂಕ್ಲೇರ್‌ಗೆ ಇದರ ಮೇಲೆ ಕಣ್ಣು ಬಿತ್ತು. ಸರ್ಕಾರ ದುಡ್ಡು ಕೊಡಲಿಲ್ಲ. ಆತ ಸುಮಾರು 6,000 ಪೌಂಡ್ ಸ್ವಂತ ಜೇಬಿನಿಂದ ಹಾಕಿ ಕೊಂಡ.

ದಾವಣಗೆರೆ_ಬೆಣ್ಣೆ
ಸ್ವಂತ ದುಡ್ಡಲ್ಲಿ ಸರ್ಕಾರಿ ಆಫೀಸಿಗೆ ಜಾಗ! ನಮ್ಮಲ್ಲಿ ಇದು ಉಲ್ಟಾ ನಡೆಯುತ್ತೆ.

ಕುತೂಹಲಿ_ಕೊಪ್ಪ
ಲಂಡನ್ ಬಿಟ್ಟು ಅಷ್ಟು ದೂರ ಯಾಕೆ ಹೋದರು?

ಮಿಲ್ಟನ್‌ಕೀನ್ಸ್_ಮಂಜ
ಲಂಡನ್ ಮೇಲೆ ಬಾಂಬ್ ಬೀಳುತ್ತೆ ಅಂತ ಆಗಲೇ ಲೆಕ್ಕ ಹಾಕಿದ್ದರು. ಬ್ಲೆಚ್ಲಿ 80 ಕಿಲೋಮೀಟರ್ ಆಚೆ. ಅದಕ್ಕಿಂತ ದೊಡ್ಡ ಕಾರಣ ರೈಲು ಜಂಕ್ಷನ್. ಲಂಡನ್ನಿಂದ ಉತ್ತರಕ್ಕೆ ಹೋಗೋ ದೊಡ್ಡ ಲೈನ್ ಮತ್ತು ಆಕ್ಸ್‌ಫರ್ಡ್-ಕೇಂಬ್ರಿಡ್ಜ್ ಲೈನ್ ಇಲ್ಲೇ ಸೇರುತ್ತಿದ್ದವು. ಬೇಕಾಗಿದ್ದ ಮೇಷ್ಟ್ರುಗಳೆಲ್ಲ ಆ ಎರಡು ಊರಲ್ಲೇ ಇದ್ದರಲ್ಲ. ನಮ್ಮ ಅರಸೀಕೆರೆ ಅಂದ್ಕೊಳ್ಳಿ, ಜಂಕ್ಷನ್ ಅಂತಲೇ ಹೆಸರು.

1938ರ ಸೆಪ್ಟೆಂಬರ್‌ನಲ್ಲಿ ಮೊದಲ ತಂಡ ನೋಡಲು ಬಂತು. ಅಕ್ಕಪಕ್ಕದವರಿಗೆ ಅನುಮಾನ ಬರಬಾರದಲ್ಲ, ಅದಕ್ಕೆ ‘ಕ್ಯಾಪ್ಟನ್ ರಿಡ್ಲಿಯ ಶಿಕಾರಿ ತಂಡ’ ಅಂತ ಹೇಳಿಕೊಂಡರು. ಅಡ್ಮಿರಲ್ ಸಾಹೇಬರು ಲಂಡನ್ನಿನ ಸವಾಯ್ ಹೋಟೆಲಿನ ಅಡುಗೆಯವನನ್ನೇ ಕರೆಸಿದ್ದರಂತೆ.

ಉಪ್ಪಿಟ್ಟು_ವಿರೋಧಿ
ಗುಟ್ಟಿನ ಕೆಲಸಕ್ಕೆ ಬಂದವರಿಗೆ ಸವಾಯ್ ಊಟ. ನಮ್ಮ ಪ್ರಾಜೆಕ್ಟ್‌ನವರಿಗೆ ತಣ್ಣಗಿನ ಉಪ್ಪಿಟ್ಟು.

ಗಣಿತದ_ಟೀಚರಮ್ಮ
ಸರಿ, ಎಲ್ಲರೂ ಬಂಗಲೆ, ಊಟ ಅಂತ ಹೋಗ್ತಿದ್ದೀರಿ. ನಾನು ಹೈಸ್ಕೂಲಲ್ಲಿ ಗಣಿತ ಹೇಳಿಕೊಡೋಳು, ಎನಿಗ್ಮಾ ಬಗ್ಗೆ ಒಂದು ಮಾತು.

ಎನಿಗ್ಮಾ ಅಂದ್ರೆ ಜರ್ಮನ್ನರು ಸಂದೇಶವನ್ನು ಗುಪ್ತ ಮಾಡಲು ಬಳಸುತ್ತಿದ್ದ, ಟೈಪ್‌ರೈಟರ್ ತರಹದ ಪೆಟ್ಟಿಗೆ. ಒಂದು ಕೀ ಒತ್ತಿದರೆ ಬೇರೆ ಅಕ್ಷರದ ದೀಪ ಹತ್ತುತ್ತೆ. ಪ್ರತಿ ಸಲ ಒತ್ತಿದಾಗ ಒಳಗಿನ ಚಕ್ರ ತಿರುಗುತ್ತೆ, ಹಾಗಾಗಿ ಅದೇ ಅಕ್ಷರ ಮತ್ತೆ ಒತ್ತಿದರೂ ದೀಪ ಬೇರೆ. ಸೇನೆಯ ಯಂತ್ರವನ್ನು ಎಷ್ಟು ಬಗೆಯಲ್ಲಿ ಹೊಂದಿಸಬಹುದು ಅಂದ್ರೆ, ಸುಮಾರು 159ರ ಮುಂದೆ 18 ಸೊನ್ನೆ ಹಾಕಬೇಕು. ನಡುರಾತ್ರಿ ಆಯಿತು ಅಂದ್ರೆ ಹೊಂದಾಣಿಕೆ ಬದಲು, ನಿನ್ನೆ ಬಿಡಿಸಿದ್ದು ಇವತ್ತಿಗೆ ಬರಲ್ಲ.

ಆದರೆ ಒಂದು ಐಬು ಇತ್ತು. ಯಾವ ಅಕ್ಷರವೂ ಅದೇ ಅಕ್ಷರವಾಗಿ ಹೊರಗೆ ಬರಲ್ಲ. ‘ಎ’ ಒತ್ತಿದರೆ ಏನು ಬೇಕಾದರೂ ಬರಬಹುದು, ‘ಎ’ ಮಾತ್ರ ಬರಲ್ಲ. ಜರ್ಮನ್ನರು ದಿನಾ ಹವಾಮಾನ ವರದಿ ಕಳಿಸೋರು, ಅದರಲ್ಲಿ ಹವಾಮಾನ ಅನ್ನೋ ಪದ ಇರಲೇಬೇಕು. ಆ ಪದವನ್ನು ಗುಪ್ತ ಸಂದೇಶದ ಕೆಳಗೆ ಇಟ್ಟು ಜರುಗಿಸುತ್ತಾ ಹೋಗಿ. ಎಲ್ಲಿ ಮೇಲೂ ಕೆಳಗೂ ಒಂದೇ ಅಕ್ಷರ ಬಿತ್ತೋ ಆ ಜಾಗ ಅಲ್ಲ. ನನ್ನ ಎಂಟನೇ ಕ್ಲಾಸ್ ಮಕ್ಕಳಿಗೆ ಇದನ್ನೇ ಆಟ ಆಡಿಸ್ತೀನಿ. ಲೆಕ್ಕ ಅಂದ್ರೆ ಓಡಿಹೋಗೋರು ಕೂಡ ಕೂರ್ತಾರೆ.

ಕುತೂಹಲಿ_ಕೊಪ್ಪ
ಇದನ್ನೆಲ್ಲ ಅಲನ್ ಟ್ಯೂರಿಂಗ್ ಅನ್ನೋ ಗಣಿತಜ್ಞ ಒಬ್ಬರೇ ಕಂಡುಹಿಡಿದಿದ್ದು ಅಲ್ವಾ? ಸಿನಿಮಾದಲ್ಲಿ ನೋಡಿದ್ದೆ.

ಹಳೇಪೇಪರ್
ಬಂತು ನೋಡಿ. ಇದಕ್ಕೇ ಕಾಯ್ತಿದ್ದೆ.

ಮೊದಲು ಬಿಡಿಸಿದ್ದು ಪೋಲೆಂಡಿನವರು. ಮರಿಯನ್ ರೆಯೆವ್‌ಸ್ಕಿ, 1932ರಲ್ಲಿ. ಜೊತೆಗೆ ರುಝಿಟ್ಸ್ಕಿ, ಝಿಗಾಲ್‌ಸ್ಕಿ. ಮೂವರೂ ಗಣಿತದ ಹುಡುಗರು. ಯುದ್ಧ ಶುರುವಾಗಲು ಐದು ವಾರ ಇರುವಾಗ, 1939ರ ಜುಲೈ ಕೊನೆಯಲ್ಲಿ, ವಾರ್ಸಾ ಹತ್ತಿರದ ಕಾಡಿನಲ್ಲಿ ಬ್ರಿಟಿಷರನ್ನೂ ಫ್ರೆಂಚರನ್ನೂ ಕರೆದು ತಾವು ಕಂಡುಕೊಂಡಿದ್ದನ್ನೆಲ್ಲ ಕೊಟ್ಟುಬಿಟ್ಟರು. ಅದು ಸಿಗದಿದ್ದರೆ ಬ್ಲೆಚ್ಲಿಯವರು ಇನ್ನೂ ಎಷ್ಟು ದಿನ ತಡಕಾಡಬೇಕಿತ್ತೋ.

ಟ್ಯೂರಿಂಗ್ ಮಾಡಿದ್ದು ಅದರ ಮುಂದಿನದು. ಎನಿಗ್ಮಾದ ಆ ದಿನದ ಹೊಂದಾಣಿಕೆ ಹುಡುಕುವ ‘ಬಾಂಬ್’ ಅನ್ನೋ ಯಂತ್ರದ ವಿನ್ಯಾಸ. ಅದನ್ನು ಗಾರ್ಡನ್ ವೆಲ್ಚ್‌ಮನ್ ಇನ್ನೂ ಚುರುಕು ಮಾಡಿದ. 1940ರ ಮಾರ್ಚ್‌ನಲ್ಲಿ ಮೊದಲನೆಯದು ಬಂತು. ಯುದ್ಧ ಮುಗಿಯುವಾಗ ಅಂಥವು 200ಕ್ಕೂ ಜಾಸ್ತಿ. ಟ್ಯೂರಿಂಗ್ ದೊಡ್ಡವರೇ, ಇಲ್ಲ ಅನ್ನಲ್ಲ. ಆದರೆ ‘ಒಬ್ಬರೇ’ ಅನ್ನೋದು ಸಿನಿಮಾದವರ ಅನುಕೂಲಕ್ಕೆ.

ಬಳ್ಳಾರಿ_ಬಿಸಿಲು
ಟ್ಯೂರಿಂಗ್‌ಗೂ ನಮಗೂ ಸಂಬಂಧ ಇದೆ ಗೊತ್ತಾ? ತಂದೆ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ತಾಯಿ ಹುಟ್ಟಿದ್ದು ಕೊಯಮತ್ತೂರು ಪಕ್ಕದ ಪೋದನೂರಿನಲ್ಲಿ, ಅವರ ತಂದೆ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ಆಗ ನಮ್ಮ ಬಳ್ಳಾರಿ, ಮಂಗಳೂರು ಎಲ್ಲ ಮದ್ರಾಸ್ ಪ್ರಾಂತ್ಯವೇ.

ಉಪ್ಪಿಟ್ಟು_ವಿರೋಧಿ
ಇನ್ನು ಎರಡು ಕಮೆಂಟ್ ಆದಮೇಲೆ ಟ್ಯೂರಿಂಗ್ ಕನ್ನಡಿಗ ಅಂತ ಆಗುತ್ತೆ, ನೋಡ್ತಿರಿ.

ಬಳ್ಳಾರಿ_ಬಿಸಿಲು
ನಾನು ಹಾಗೆ ಹೇಳಿದ್ನಾ? ಹುಟ್ಟಿದ್ದು ಲಂಡನ್ನಲ್ಲೇ ಸ್ವಾಮಿ.

ಸೀರೆ_ಸೆರಗು
ಟ್ಯೂರಿಂಗ್, ವೆಲ್ಚ್‌ಮನ್, ಪೋಲೆಂಡಿನ ಹುಡುಗರು. ಇಷ್ಟು ಉದ್ದದ ಚರ್ಚೆಯಲ್ಲಿ ಹೆಂಗಸರ ಹೆಸರು ಒಂದೂ ಬಂದಿಲ್ಲ, ಗಮನಿಸಿದ್ರಾ? ಅಲ್ಲಿದ್ದವರಲ್ಲಿ ನೂರಕ್ಕೆ 75 ಜನ ಹೆಂಗಸರು.

ಆ ‘ಬಾಂಬ್’ ಯಂತ್ರಗಳನ್ನು ಹಗಲು ರಾತ್ರಿ ನಡೆಸಿದ್ದು ನೌಕಾಪಡೆಯ ಹುಡುಗಿಯರು. ಒಂದೊಂದೂ ಒಂದು ಟನ್ ತೂಕ, ಎಣ್ಣೆ ವಾಸನೆ, ಬಿಸಿ, ಸದ್ದು. ನಮ್ಮಜ್ಜಿ ಮನೆ ದೊಡ್ಡಬಳ್ಳಾಪುರದಲ್ಲಿ. ಮಗ್ಗದ ಮನೆಯಲ್ಲಿ ಎಂಟು ಗಂಟೆ ನಿಂತು ನೋಡಿ, ಆಗ ಗೊತ್ತಾಗುತ್ತೆ ಅದೇನು ಅಂತ. ಯಂತ್ರ ನಿಂತಾಗ ಅಲ್ಲಿ ತೋರಿಸಿದ್ದನ್ನು ಬರೆದುಕೊಂಡು ಕೊಡಬೇಕು. ಅದು ಏನಕ್ಕೆ ಅಂತ ಅವರಿಗೆ ಯಾರೂ ಹೇಳುತ್ತಿರಲಿಲ್ಲ.

ಇನ್ನು ತಲೆ ಓಡಿಸಿದವರು ಬೇಕಾ? ಮೇವಿಸ್ ಲೀವರ್. ವಯಸ್ಸು 19. ಡಿಲ್ಲಿ ನಾಕ್ಸ್ ಅನ್ನೋ ಹಿರಿಯರ ಕೈಕೆಳಗೆ, ಕುದುರೆ ಲಾಯದ ಪಕ್ಕದ ಕಾಟೇಜಿನಲ್ಲಿ ಕೆಲಸ. ಒಂದು ದಿನ ಇಟಲಿಯವರ ಒಂದು ಉದ್ದ ಸಂದೇಶ ಬಂತು. ನೋಡಿದರೆ ಅದರಲ್ಲಿ ‘ಎಲ್’ ಅಕ್ಷರ ಒಂದೂ ಇಲ್ಲ. ಟೀಚರಮ್ಮ ಹೇಳಿದ ಐಬು ನೆನಪಿಟ್ಟುಕೊಳ್ಳಿ. ಈ ಹುಡುಗಿಗೆ ತಕ್ಷಣ ಹೊಳೆಯಿತು: ಪರೀಕ್ಷೆಗೆ ಸುಮ್ನೆ ಒಂದು ಸಂದೇಶ ಕಳಿಸು ಅಂದಿದ್ದಾರೆ, ಆ ಸೋಮಾರಿ ಆಪರೇಟರ್ ಬರೀ ‘ಎಲ್’ ಒತ್ತುತ್ತಾ ಕೂತಿದ್ದಾನೆ! ಅದರಿಂದ ಹೊಸ ಚಕ್ರದ ಒಳಗಿನ ತಂತಿ ಜೋಡಣೆಯೇ ಸಿಕ್ಕಿತು. 1941ರ ಮಾರ್ಚ್‌ನಲ್ಲಿ ಇಟಲಿಯ ನೌಕಾಪಡೆ ‘ಇನ್ನು ಮೂರು ದಿನ’ ಅಂತ ಕಳಿಸಿದ ಸಂದೇಶ ಬಿಡಿಸಿದವರಲ್ಲೂ ಇವರು ಇದ್ದರು. ಅದರಿಂದಾಗಿ ಗ್ರೀಸಿನ ಕೇಪ್ ಮಟಪಾನ್ ಹತ್ತಿರ ಇಟಲಿಯ ಮೂರು ದೊಡ್ಡ ಯುದ್ಧನೌಕೆ ಮುಳುಗಿದವು.

ಗಣಿತದ_ಟೀಚರಮ್ಮ
ಇಲ್ಲದೇ ಇರೋದನ್ನು ಗಮನಿಸೋದು! ಇದನ್ನು ನಾಳೆಯೇ ಕ್ಲಾಸಲ್ಲಿ ಹೇಳ್ತೀನಿ ಮೇಡಂ. ಜೋನ್ ಕ್ಲಾರ್ಕ್ ಕೂಡ ಸೇರಿಸಿ. 8ನೇ ಹಟ್‌ನಲ್ಲಿ ಟ್ಯೂರಿಂಗ್ ಜೊತೆ ಕೆಲಸ ಮಾಡಿದ ಗಣಿತಜ್ಞೆ. ಹೆಂಗಸರಿಗೆ ಆ ದರ್ಜೆ ಇರಲಿಲ್ಲ, ಸಂಬಳ ಏರಿಸಲು ‘ಭಾಷಾತಜ್ಞೆ’ ಅಂತ ಕಾಗದದಲ್ಲಿ ಬರೆದರು. ಅವರಿಗೆ ಗೊತ್ತಿದ್ದ ಬೇರೆ ಭಾಷೆ ಎಷ್ಟು ಅಂತ ಫಾರಂನಲ್ಲಿ ಕೇಳಿದ್ದಕ್ಕೆ ‘ಯಾವುದೂ ಇಲ್ಲ’ ಅಂತ ಖುಷಿಯಾಗಿ ತುಂಬಿದ್ದರಂತೆ.

ತೋಟದ_ಹುಚ್ಚು
ಮೇವಿಸ್ ಲೀವರ್ ಅಂದ್ರೆ ಮುಂದೆ ಮೇವಿಸ್ ಬೇಟಿ ಆದವರು ಅಲ್ವಾ? ನನಗೆ ಆ ಹೆಸರು ಗೊತ್ತಿರೋದು ಹಳೇ ತೋಟಗಳ ಚರಿತ್ರೆಕಾರ್ತಿ ಅಂತ! ಇಂಗ್ಲೆಂಡಿನ ಉದ್ಯಾನ ಚರಿತ್ರೆ ಸಂಘಕ್ಕೆ ಕಾರ್ಯದರ್ಶಿ, ಆಮೇಲೆ ಅಧ್ಯಕ್ಷೆ. ಹಳೇ ಎಸ್ಟೇಟುಗಳ ತೋಟ ಉಳಿಸಲು ಎಷ್ಟೋ ಓಡಾಡಿದವರು. ಈಯಮ್ಮ ಯುದ್ಧದಲ್ಲಿ ಇದನ್ನು ಮಾಡಿದ್ದರು ಅಂತ ಇವತ್ತೇ ಗೊತ್ತಾಗಿದ್ದು. ತಲೆ ತಿರುಗಿತು.

ಸೀರೆ_ಸೆರಗು
ಹೌದು ಅವರೇ. ಅಲ್ಲೇ ಕೆಲಸ ಮಾಡುತ್ತಿದ್ದ ಕೀತ್ ಬೇಟಿಯನ್ನು ಮದುವೆಯಾದರು. 2013ರಲ್ಲಿ ತೀರಿಕೊಂಡರು.

ಮೌನಿಬಾಬಾ
ಅದೆಲ್ಲ ಇರಲಿ. ಗುಟ್ಟು ಕಾಪಾಡಲು ಚರ್ಚಿಲ್ ಕವೆಂಟ್ರಿ ಊರನ್ನೇ ಜರ್ಮನ್ ವಿಮಾನಗಳು ಸುಡಲು ಬಿಟ್ಟ. ಅದರ ಬಗ್ಗೆ ಯಾರೂ ಮಾತಾಡಲ್ಲ.

ಹಳೇಪೇಪರ್
ಯಾಕೆಂದರೆ ಅದು ಸುಳ್ಳು. 1940ರ ನವೆಂಬರ್ 14ರ ರಾತ್ರಿ ದೊಡ್ಡ ದಾಳಿ ಇದೆ ಅಂತ ಗೊತ್ತಿತ್ತು. ಕವೆಂಟ್ರಿಯೇ ಅಂತ ಚರ್ಚಿಲ್‌ಗೆ ಗೊತ್ತಿರಲಿಲ್ಲ. ಲಂಡನ್ ಮೇಲೇ ಬೀಳುತ್ತೆ ಅಂದುಕೊಂಡು, ಊರಾಚೆ ಹೊರಟಿದ್ದವನು ಅರ್ಧ ದಾರಿಯಿಂದ ಲಂಡನ್ನಿಗೆ ವಾಪಸ್ ಬಂದ. ದಾಳಿ ಅಲ್ಲಾಗಲ್ಲ ಅಂತ ಗೊತ್ತಿದ್ದವನು ವಾಪಸ್ ಯಾಕೆ ಬರ್ತಾನೆ? ಬಂಗಾಳದ ಬರಗಾಲದ ವಿಷಯಕ್ಕೆ ಚರ್ಚಿಲ್‌ನನ್ನು ಬೈಯಿರಿ, ನಾನೂ ಸೇರ್ತೀನಿ. ಮಾಡದೇ ಇದ್ದಿದ್ದಕ್ಕೆ ಬೈಯೋದು ಬೇಡ.

ಮೌನಿಬಾಬಾ
ಆದರೂ.

ಹಳೇಪೇಪರ್
‘ಆದರೂ’ಗೆ ನನ್ನ ಹತ್ತಿರ ಔಷಧಿ ಇಲ್ಲ. ಆದರೆ ನಿಮ್ಮ ಮೊದಲನೇ ಮಾತು ಅರ್ಧ ಸರಿ: ಸೋರಿತ್ತು. ಜಾನ್ ಕೇರ್ನ್‌ಕ್ರಾಸ್ ಅನ್ನೋನು 3ನೇ ಹಟ್‌ನಲ್ಲಿ ಕೂತು ಕಾಗದಗಳನ್ನು ಸೋವಿಯತ್ ರಷ್ಯಾಕ್ಕೆ ಸಾಗಿಸುತ್ತಿದ್ದ.

ಮೌನಿಬಾಬಾ
ಹೇಳಿದ್ನಲ್ಲ!

ಹಳೇ_ರೇಡಿಯೋ
ಎಲ್ಲರೂ ಎನಿಗ್ಮಾದಲ್ಲೇ ನಿಂತಿದ್ದೀರಿ. ನನ್ನ ಪ್ರಕಾರ ನಿಜವಾದ ಕಥೆ ಕೊಲೊಸಸ್ ಅನ್ನೋ ಯಂತ್ರದ್ದು.

ಹಿಟ್ಲರ್‌ನ ದೊಡ್ಡ ಸೇನಾಧಿಕಾರಿಗಳು ಮಾತಾಡಲು ಎನಿಗ್ಮಾ ಅಲ್ಲ, ಲೊರೆನ್ಜ್ ಅನ್ನೋ ಬೇರೆ ಯಂತ್ರ ಇತ್ತು. 1941ರ ಆಗಸ್ಟ್ 30ರಂದು ಒಬ್ಬ ಆಪರೇಟರ್ ಸುಮಾರು 4,000 ಅಕ್ಷರದ ಸಂದೇಶ ಕಳಿಸಿದ. ಆ ಕಡೆಯವನು ‘ಸರಿಯಾಗಿ ಬರಲಿಲ್ಲ, ಇನ್ನೊಂದು ಸಲ’ ಅಂದ. ಇವನು ಚಕ್ರ ಅದೇ ಜಾಗಕ್ಕೆ ತಿರುಗಿಸಿ ಮತ್ತೆ ಕಳಿಸಿದ, ಆದರೆ ಬೇಜಾರಿಗೆ ಅಲ್ಲಲ್ಲಿ ಪದ ಮೊಟಕು ಮಾಡಿದ. ಅಷ್ಟು ಸಾಕಾಯಿತು. ಜಾನ್ ಟಿಲ್ಟ್‌ಮನ್ ಆ ಎರಡನ್ನೂ ಬಿಡಿಸಿದರು. ಬಿಲ್ ಟಟ್ ಅನ್ನೋ ಹುಡುಗ ಯಂತ್ರವನ್ನು ಕಣ್ಣಲ್ಲೂ ನೋಡದೆ ಅದರ ಒಳಗೆ ಎಷ್ಟು ಚಕ್ರ, ಯಾವ ಚಕ್ರಕ್ಕೆ ಎಷ್ಟು ಹಲ್ಲು ಅಂತ ಕಾಗದದ ಮೇಲೇ ಲೆಕ್ಕ ಹಾಕಿದ.

ದಿನಾ ಬರುವುದನ್ನು ಬಿಡಿಸಲು ಕೈ ಸಾಲದು. ಅದಕ್ಕೆ ಬಂದವನು ಟಾಮಿ ಫ್ಲವರ್ಸ್. ಯಾರು ಈತ? ಅಂಚೆ ಇಲಾಖೆಯ ಟೆಲಿಫೋನ್ ಎಂಜಿನಿಯರ್! ಲಂಡನ್ನಿನ ಗಾರೆ ಕೆಲಸದವನ ಮಗ. ಸುಮಾರು 1,600 ವಾಲ್ವ್ (ಹಳೇ ರೇಡಿಯೋಗಳಲ್ಲಿ ಇರುತ್ತಿದ್ದ ಗಾಜಿನ ಕೊಳವೆ) ಹಾಕಿ ಯಂತ್ರ ಮಾಡ್ತೀನಿ ಅಂದ. ಅಷ್ಟು ವಾಲ್ವ್ ಇದ್ದರೆ ದಿನಾ ಒಂದೊಂದು ಸುಟ್ಟು ಕೂರುತ್ತೆ ಅಂತ ಬ್ಲೆಚ್ಲಿಯವರು ನಂಬಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೆಲಸ ಮಾಡಿದವನಿಗೆ ಗೊತ್ತಿತ್ತು: ವಾಲ್ವ್ ಆರಿಸಿ ಹತ್ತಿಸಿದರೆ ಹಾಳಾಗೋದು, ಆರಿಸದೇ ಬಿಟ್ಟರೆ ವರ್ಷಗಟ್ಟಲೆ ಬಾಳುತ್ತೆ. ನಮ್ಮ ಮನೆಯ ಹಳೇ ವಾಲ್ವ್ ರೇಡಿಯೋಗೂ ಇದೇ ಮಾತು. 1944ರ ಶುರುವಿನಲ್ಲಿ ಈ ಕೊಲೊಸಸ್ ಯಂತ್ರ ಬ್ಲೆಚ್ಲಿಯಲ್ಲಿ ಕೆಲಸ ಶುರು ಮಾಡಿತು. ಯುದ್ಧ ಮುಗಿಯುವಾಗ ಹತ್ತು ಇದ್ದವು.

ಆಮೇಲೆ ಏನಾಯಿತು ಕೇಳಿ. ಹತ್ತರಲ್ಲಿ ಎಂಟನ್ನು ಒಡೆದು ಹಾಕಿದರು. ನಕ್ಷೆಗಳನ್ನು ಸುಡು ಅಂದರು, ಫ್ಲವರ್ಸ್ ತಾನೇ ಒಲೆಗೆ ಹಾಕಿದ. 1,000 ಪೌಂಡ್ ಕೊಟ್ಟರು, ಅದು ಆತ ಕೈಯಿಂದ ಹಾಕಿದ ದುಡ್ಡಿಗೂ ಸಾಲಲಿಲ್ಲ. ಅಂಥದೇ ಯಂತ್ರ ಮಾಡಲು ಬ್ಯಾಂಕಲ್ಲಿ ಸಾಲ ಕೇಳಿದರೆ ‘ಇಂಥದ್ದು ಕೆಲಸ ಮಾಡಲ್ಲ’ ಅಂತ ವಾಪಸ್ ಕಳಿಸಿದರು. ‘ನಾನಾಗಲೇ ಮಾಡಿದ್ದೀನಿ ಕಣಯ್ಯಾ’ ಅನ್ನೋ ಹಾಗಿಲ್ಲ.

ದಾವಣಗೆರೆ_ಬೆಣ್ಣೆ
ಇದನ್ನು ಓದಿ ಹೊಟ್ಟೆ ಉರಿಯಿತು.

ಕುತೂಹಲಿ_ಕೊಪ್ಪ
ಬ್ಲೆಚ್ಲಿಯಿಂದ ಯುದ್ಧ ಎರಡು ವರ್ಷ ಬೇಗ ಮುಗೀತು ಅಂತಾರಲ್ಲ, ಅದು ನಿಜಾನಾ?

ಹಳೇಪೇಪರ್
ಹಾಗೆ ಹೇಳಿದವರು ಹ್ಯಾರಿ ಹಿನ್ಸ್‌ಲಿ. ಸ್ವತಃ ಅಲ್ಲಿ ಕೆಲಸ ಮಾಡಿ ಆಮೇಲೆ ಚರಿತ್ರೆಕಾರರಾದವರು. ನನಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ಪೂರ್ವದಲ್ಲಿ ರಷ್ಯಾದ ಸೈನ್ಯ ಬರ್ತಾನೇ ಇತ್ತು, 1945ಕ್ಕೆ ಅಣುಬಾಂಬ್ ತಯಾರಾಯಿತು. ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳಿಂದ ಹಡಗುಗಳು ಉಳಿದಿದ್ದಕ್ಕೆ ಬ್ಲೆಚ್ಲಿ ದೊಡ್ಡ ಕಾರಣ, ಅದು ಖಂಡಿತ. ‘ಎರಡು ವರ್ಷ’ ಅನ್ನೋದು ಪೋಸ್ಟರ್ ಮಾತು.

ಹಳೇ_ರೇಡಿಯೋ
ಹಡಗು ಬರದೇ ಇದ್ದಿದ್ದರೆ 1944ರಲ್ಲಿ ಫ್ರಾನ್ಸಿನ ನಾರ್ಮಂಡಿಗೆ ಸೈನ್ಯ ಇಳಿಯೋಕೆ ಆಗ್ತಿತ್ತಾ? ಪೋಸ್ಟರ್ ಅಂತ ತಳ್ಳಿಹಾಕಬೇಡಿ ಸರ್.

ಹಳೇಪೇಪರ್
ಇಳಿಯೋದು ತಡ ಆಗ್ತಿತ್ತು, ಒಪ್ಪಿದೆ. ಎಷ್ಟು ತಡ ಅಂತ ಯಾರೂ ಅಳೆಯೋಕೆ ಆಗಲ್ಲ.

ಬಳ್ಳಾರಿ_ಬಿಸಿಲು
ನಮ್ಮ ದೇಶದ್ದು ಒಂದು ತುಂಡು ಬಿಟ್ಟುಹೋಗಿದೆ. ದೆಹಲಿಯ ಆನಂದ ಪರ್ಬತದಲ್ಲಿ, ರಾಮಜಸ್ ಕಾಲೇಜಿನ ಕಟ್ಟಡದಲ್ಲಿ ಇದೇ ತರಹದ ಕೇಂದ್ರ ಇತ್ತು. ಹೆಸರು ‘ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್’, ಏನೋ ಪ್ರಯೋಗಶಾಲೆ ಅನ್ನಿಸಬೇಕಲ್ಲ. ಬರ್ಮಾ ಕಡೆಯ ಜಪಾನಿ ಸಂದೇಶಗಳನ್ನು ಅಲ್ಲಿ ಬಿಡಿಸುತ್ತಿದ್ದರು. 1943ರಲ್ಲಿ ಜಪಾನ್ ಸೇನೆಯ ಜಲಸಾರಿಗೆ ಸಂಕೇತ ಅಲ್ಲೇ ಮುರಿದಿದ್ದು. ಮುರಿದವರಲ್ಲಿ ಒಬ್ಬ ವಿಲ್ಫ್ರಿಡ್ ನಾಯ್ಸ್, 1953ರ ಎವರೆಸ್ಟ್ ತಂಡದಲ್ಲಿದ್ದ ಪರ್ವತಾರೋಹಿ. ಇದರ ಶಾಖೆ ನಮ್ಮ ಬೆಂಗಳೂರಲ್ಲೂ ಇತ್ತು!

ಉಪ್ಪಿಟ್ಟು_ವಿರೋಧಿ
ಕೊನೆಗೂ ಬೆಂಗಳೂರು ಬಂತು. ಈಗ ಟ್ರಾಫಿಕ್ ಬಗ್ಗೆ ಮಾತಾಡೋಣ.

ಮಿಲ್ಟನ್‌ಕೀನ್ಸ್_ಮಂಜ
ಹೋಗುವವರಿಗೆ ಎರಡು ಮಾತು. ಕೊಲೊಸಸ್‌ನ ಮರುನಿರ್ಮಾಣ ಇರೋದು ಕಂಪ್ಯೂಟಿಂಗ್ ಮ್ಯೂಸಿಯಂನಲ್ಲಿ. ಅದೇ ಆವರಣ, ಆದರೆ ಬೇರೆ ಸಂಸ್ಥೆ, ಬೇರೆ ಟಿಕೆಟ್. ಎರಡೂ ಒಂದೇ ಅಂದುಕೊಂಡು ಜನ ಗೊಂದಲ ಆಗ್ತಾರೆ.

ಇನ್ನೊಂದು, ಈ ಜಾಗ ಉಳಿದಿದ್ದೇ ಪುಣ್ಯ. 1991ರಲ್ಲಿ ಕಟ್ಟಡಗಳು ಖಾಲಿ, ಕೆಡವಿ ಮನೆ ಕಟ್ಟುವ ಮಾತು ಮತ್ತೆ ಬಂದಿತ್ತು. ಊರಿನ ಚರಿತ್ರೆ ಸಂಘದವರು ಅಲ್ಲಿ ಕೆಲಸ ಮಾಡಿದ ಹಳಬರನ್ನು ಹುಡುಕಿ ಬೀಳ್ಕೊಡುಗೆ ಪಾರ್ಟಿಗೆ ಕರೆದರು. ಬಂದವರ ಕಥೆ ಕೇಳಿದ ಮೇಲೆ, ಬೀಳ್ಕೊಡೋದು ಬೇಡ, ಉಳಿಸೋಣ ಅಂತಾಯಿತು. ಆಮೇಲೆ 6ನೇ ಹಟ್ ರಿಪೇರಿ ಮಾಡುವಾಗ ಸೂರಿನ ಸಂದಿಯಲ್ಲಿ ಯುದ್ಧಕಾಲದ ಹಾಳೆಗಳು ಸಿಕ್ಕವು. ಸಂಕೇತ ಬಿಡಿಸಲು ಬಳಸಿದ ಹಾಳೆಗಳನ್ನೇ ಮುದುರಿ ಚಳಿಗಾಳಿ ಬರದ ಹಾಗೆ ತುರುಕಿದ್ದರು! ಎಲ್ಲವನ್ನೂ ಸುಡಬೇಕು ಅನ್ನೋ ಕಟ್ಟಪ್ಪಣೆ ಇದ್ದ ಜಾಗದಲ್ಲಿ.

ಸೀರೆ_ಸೆರಗು
ಆ ಹಟ್‌ಗಳ ಉದ್ಘಾಟನೆಗೆ 2014ರಲ್ಲಿ ಕೇಟ್ ಮಿಡಲ್ಟನ್ ಬಂದಿದ್ದರು. ಅವರ ಅಜ್ಜಿಯೂ ಅಜ್ಜಿಯ ಅವಳಿ ಅಕ್ಕ-ತಂಗಿಯೂ ಅಲ್ಲೇ ಕೆಲಸ ಮಾಡಿದವರು. ಆ ಅಜ್ಜಿಯೂ ಮನೆಯಲ್ಲಿ ಈ ಬಗ್ಗೆ ಮಾತಾಡುತ್ತಿರಲಿಲ್ಲವಂತೆ.

ತಂತಿಯವರ_ಮಗ
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಫ್ಲವರ್ಸ್ ಅಂಚೆ ಇಲಾಖೆಯವನು ಅಂದ ಕೂಡಲೇ ಮುಖ ಅರಳಿತು, ‘ನಮ್ಮವನು’ ಅಂದರು. ಅಲ್ಲಿನ ರೇಡಿಯೋ ವಿಭಾಗದಲ್ಲಿ ಮೋರ್ಸ್ ಕೇಳುತ್ತಿದ್ದಾಗ ಅವರ ಬೆರಳು ತಾನಾಗಿ ಮೇಜಿನ ಮೇಲೆ ಬಡಿಯುತ್ತಿತ್ತು. ಅದನ್ನು ನಾನು ಮೊದಲನೇ ಪೋಸ್ಟಲ್ಲಿ ಬರೆಯಬೇಕಿತ್ತು, ಮರೆತೆ.

ಆಮೇಲೆ ಅವರು ಒಂದು ವಿಷಯ ಹೇಳಿದರು. ಹಾಸನದಲ್ಲಿ ಇದ್ದಾಗ ಯಾರ ಮನೆಯಲ್ಲಿ ಸಾವು, ಯಾರ ಮಗ ಮಿಲಿಟರಿಯಲ್ಲಿ ಗಾಯಗೊಂಡ, ಯಾರ ಮದುವೆ ಮುರಿಯಿತು, ಎಲ್ಲ ಮನೆಯವರಿಗಿಂತ ಮೊದಲು ಇವರಿಗೇ ಗೊತ್ತಾಗುತ್ತಿತ್ತಂತೆ. ಕೆಲಸಕ್ಕೆ ಸೇರುವಾಗ ಇವರೂ ಗುಟ್ಟಿನ ಪ್ರಮಾಣಕ್ಕೆ ಸಹಿ ಹಾಕಿದ್ದರಂತೆ. ಎದುರು ಮನೆಯವರಿಗೆ ಕೆಟ್ಟ ಸುದ್ದಿ ಬಂದ ದಿನ, ತಂತಿ ಹುಡುಗ ಸೈಕಲ್ಲಿನಲ್ಲಿ ಬರುವ ತನಕ ಇವರು ಮನೆಯಲ್ಲಿ ಕೂತು ಅನ್ನ ಸಾರು ಊಟ ಮಾಡಿದ್ದಾರೆ. ಅಮ್ಮನಿಗೂ ಹೇಳಿಲ್ಲ.

‘ಹಾಗಾದರೆ ಅಲ್ಲಿ ಹೇಗೆ ಸಾಧ್ಯ ಅಂತ ನನ್ನನ್ನು ಯಾಕೆ ಕೇಳಿದ್ರಿ’ ಅಂದೆ. ‘ನಾವು ಆಫೀಸಲ್ಲಿ ಇದ್ದಿದ್ದು ಆರು ಜನ. ಅವರು ಹತ್ತು ಸಾವಿರ’ ಅಂದರು.

ಸೀರೆ_ಸೆರಗು
ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಮೌನಿಬಾಬಾ
ಎದುರು ಮನೆಯವರು ಯಾರು?

ತಂತಿಯವರ_ಮಗ
ಕೇಳಿದೆ. ಹೇಳಲಿಲ್ಲ.

ಕುತೂಹಲಿ_ಕೊಪ್ಪ
ಮಂಜಣ್ಣ, ಜೂನ್‌ನಲ್ಲಿ ಬರ್ತಿದ್ದೀವಿ, ನಾಲ್ಕು ಜನ. ಒಳಗೆ ಕಾರ್ ಪಾರ್ಕಿಂಗ್ ಇದೆಯಾ?

ಮಿಲ್ಟನ್‌ಕೀನ್ಸ್_ಮಂಜ
ಇದೆ. ಆದರೆ ರೈಲಲ್ಲೇ ಬನ್ನಿ, ಸ್ಟೇಷನ್ ಎದುರಿಗೇ ಇದೆ. ಕೆರೆ ಪಕ್ಕ ಕೂರಲು ಬುತ್ತಿ ಕಟ್ಟಿಕೊಂಡು ಬನ್ನಿ. ಉಪ್ಪಿಟ್ಟಾದರೂ ಪರವಾಗಿಲ್ಲ.